ಒಂದೇ ಉಸಿರಿನ ಕುಡಿಕೆ

ನನ್ನವ್ವ ಜಗಲಿಯ ಮೇಲೆ ಕೂತು ಅಂಬಲಿ ಕುಡಿಯುತ್ತಿರುವಾಗಲೇ ಓಣಿಯ ಜನ ಹೂವು, ಊದುಬತ್ತಿ ಹಿಡಿದುಕೊಂಡು ಅವಳ ಹೆಣ ನೋಡಲು ಬಂದರು. ತಪ್ಪು ನನ್ನದೆಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ನನ್ನ ಹೆಸರು ಪಾಲಮ್ಮ. ಗಾಣದ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಮಾತಾಡುವಾಗ ತೊದಲುತ್ತೇನೆ, ಬರೆಯುವಾಗ ಇಲ್ಲ. ಇಲ್ಲಿ ನನ್ನನ್ನು ಯಾರೂ ಅರ್ಧಕ್ಕೆ ನಿಲ್ಲಿಸುವಂತಿಲ್ಲವಾದ್ದರಿಂದ ಮೊದಲಿನಿಂದ, ನಿಧಾನವಾಗಿ ಹೇಳುತ್ತೇನೆ.

ನಮ್ಮೂರಿನಲ್ಲಿ ಪ್ರತಿ ಮನೆಯ ಹೊಸ್ತಿಲ ಪಕ್ಕದ ಗೂಡಿನಲ್ಲಿ ಒಂದು ಮಣ್ಣಿನ ಕುಡಿಕೆ ಇರುತ್ತದೆ. ಅದರ ಬಾಯಿಗೆ ಬಾಯಿಟ್ಟು ಆಡಿದ ಮಾತು ಓಣಿಯ ಕಟ್ಟೆಯ ಮೇಲಿರುವ ಹರವಿ ಎಂಬ ದೊಡ್ಡ ಮಡಕೆಗೆ ಹೋಗುತ್ತದೆ. ಹರವಿಯಿಂದ ಓಣಿಯ ಎಲ್ಲ ಮನೆಗಳ ಕುಡಿಕೆಗಳಿಗೂ, ನಮ್ಮ ಜೊತೆ ಬಾಯಿ ಸೇರಿಸಿರುವ ಬೇರೆ ಓಣಿಗಳ ಹರವಿಗಳಿಗೂ ಹೋಗುತ್ತದೆ. ಯಾರ ಮನೆಯ ಎಮ್ಮೆ ತಪ್ಪಿಸಿಕೊಂಡಿದೆ, ಯಾರ ಮನೆಯಲ್ಲಿ ಮಜ್ಜಿಗೆ ಹೆಚ್ಚಾಗಿದೆ, ಯಾರ ಸೊಸೆ ತವರಿನಿಂದ ಬಂದಳು, ಎಲ್ಲವೂ ಹೀಗೇ ತಿಳಿಯಬೇಕು. ಕುಡಿಕೆ ಒಂದು ಸಲಕ್ಕೆ ಒಂದೇ ಉಸಿರಿನಷ್ಟು ಮಾತು ತೆಗೆದುಕೊಳ್ಳುತ್ತದೆ. ಉಸಿರು ಮುಗಿಯಿತೋ, ನಡುವೆ ತುಸು ತಡೆದಿರೋ, ಅದು ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಒಳಗೆ ಹೋದದ್ದಷ್ಟೇ ಊರಿಗೆ ಕೇಳುವುದು. ಮತ್ತೆ ಬಾಯಿ ಬಿಡಲು ಅದಕ್ಕೆ ಅರ್ಧ ದಿನ ಬೇಕು, ಬೇರೆಯವರ ಮಾತು ಮಾತ್ರ ಮುಚ್ಚಿದ್ದರೂ ಕೇಳುತ್ತಿರುತ್ತದೆ.

ಜನ ಇದಕ್ಕೆ ಒಗ್ಗಿಹೋಗಿದ್ದಾರೆ. ಮಕ್ಕಳಿಗೆ ಕಾಗುಣಿತಕ್ಕಿಂತ ಮೊದಲು ಉಸಿರು ಹಿಡಿಯುವುದನ್ನು ಕಲಿಸುತ್ತಾರೆ. ಮುದುಕರು ಕುಡಿಕೆಯ ಮುಂದೆ ನಿಲ್ಲುವ ಮೊದಲು ಶುಂಠಿ ಕಷಾಯ ಕುಡಿಯುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ, ನೆಂಟರ ಹೆಸರುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿಸುತ್ತಾರೆ. ನನ್ನನ್ನು ನೋಡಲು ಬಂದವರು ಎರಡನೆಯ ಹೆಸರಿಗೇ ಚಪ್ಪಲಿ ಹುಡುಕತೊಡಗಿದರು. ಅವರು ಹೋದದ್ದಕ್ಕೆ ನನಗೆ ಬೇಜಾರಿಲ್ಲ, ತಿಂದು ಹೋದ ಉಪ್ಪಿಟ್ಟಿಗೆ ಇದೆ.

ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಊರಿಗೆಲ್ಲ ಒಂದೇ ಹಂಡೆ, ಅದೂ ಸಾಹುಕಾರರ ಅಂಗಳದಲ್ಲಿ. ಎಲ್ಲರ ಮಾತೂ ಅಲ್ಲಿಗೆ ಹೋಗಿ ಅಲ್ಲಿಂದಲೇ ಬರಬೇಕಿತ್ತು. ಮಗಳು ಹೆತ್ತ ಸುದ್ದಿ ಹೇಳಿದರೆ ಅದರ ಬಾಲಕ್ಕೆ ಸಾಹುಕಾರರ ಅಂಗಡಿಯ ಹಪ್ಪಳ ಸಂಡಿಗೆಯ ಮಾತು ಅಂಟಿಕೊಂಡು ಬರುತ್ತಿತ್ತು. ಮೆಲ್ಲಗೆ ಆಡಿದ್ದು ಹಂಡೆಯ ತಳದಲ್ಲೇ ಉಳಿಯುತ್ತಿತ್ತು, ಬೈಗುಳ ಮಾತ್ರ ಮತ್ತೆ ಮತ್ತೆ ಊರೆಲ್ಲ ಮೊಳಗುತ್ತಿತ್ತು. ಕಡೆಗೆ ಜನ ರೋಸಿಹೋಗಿ ಹಂಡೆಯನ್ನು ಸಾಹುಕಾರರಿಗೇ ಬಿಟ್ಟು ಓಣಿಗೊಂದು ಹರವಿ ಇಟ್ಟುಕೊಂಡರು. ಯಾವ ಹರವಿಗೂ ಯಜಮಾನನಿಲ್ಲ, ನೋಡಿಕೊಳ್ಳುವ ಹಿರಿಯರು ಇರುತ್ತಾರೆ ಅಷ್ಟೆ. ಒಂದು ಓಣಿಯ ಮಾತು ಇನ್ನೊಂದು ಓಣಿಗೆ ಹಿಡಿಸದಿದ್ದರೆ ಆ ಕಡೆಗೆ ಬಟ್ಟೆ ಕಟ್ಟಿ ಬಾಯಿ ಬಿಡಿಸಿಕೊಳ್ಳಬಹುದು.

ನಮ್ಮ ಹರವಿಯನ್ನು ನೋಡಿಕೊಳ್ಳುವವರು ಕೊಟ್ರಪ್ಪ ಮೇಷ್ಟ್ರು. ಹಂಡೆ ಬಿಡಿಸುವ ಗಲಾಟೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತವರು. ಒಳ್ಳೆಯವರು. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ನನಗೆ ಸಿಟ್ಟು ಬರಿಸಿದವರೆಲ್ಲ ಒಳ್ಳೆಯವರೇ, ಅದೇ ನನ್ನ ತಕರಾರು. ಮೇಷ್ಟ್ರ ಉಸಿರು ಊರಿಗೇ ಉದ್ದ. ಏನಿದ್ದರೂ ಒಂದೇ ಸಲಕ್ಕೆ ಹೇಳಿ ಮುಗಿಸುತ್ತಾರೆ, ಎರಡು ಸಲ ಹೇಳುವ ಅಭ್ಯಾಸ ಅವರಿಗಿಲ್ಲ. ಹರವಿ ಕೂರಿಸಿದ ದಿನ ಅವರು, "ಇನ್ಮೇಲೆ ಈ ಓಣಿಯಲ್ಲಿ ಬಾಯಿಲ್ಲದೋರು ಅಂತ ಯಾರೂ ಇಲ್ಲ" ಅಂದಿದ್ದರು. ನಾನೂ ಚಪ್ಪಾಳೆ ತಟ್ಟಿದ್ದೆ. ಆದರೆ ಒಂದೇ ಉಸಿರಿನ ಕಟ್ಟಳೆ ಹಂಡೆಯ ಕಾಲದ್ದು. ಹಂಡೆಯನ್ನು ಬಿಟ್ಟುಬಂದವರು ಕಟ್ಟಳೆಯನ್ನು ಮಾತ್ರ ಜೋಪಾನವಾಗಿ ಹೊತ್ತು ತಂದರು. ಅವರಿಗೆ ಅದು ಭಾರವಾಗಿರಲಿಲ್ಲವಲ್ಲ.

ಭಾರವಾದದ್ದು ನನಗೆ, ಮತ್ತೆ ಓಣಿಯ ತುದಿಯ ಗೂರಲು ಈರಬಸಪ್ಪನಿಗೆ. ಅವನಿಗೆ ಎರಡು ಮಾತಿಗೆ ಎದೆ ಸೀಟಿ ಹೊಡೆಯುತ್ತದೆ. ಅವನ ಹೆಂಡತಿ ಸತ್ತಾಗ ಸುದ್ದಿಯನ್ನು ಅವನ ಪರವಾಗಿ ನಮ್ಮ ಪಕ್ಕದ ಮನೆಯ ಅನಸೂಯಕ್ಕ ಹೇಳಿದಳು. ನಮ್ಮಲ್ಲಿ ಸಾವಿನ ಸುದ್ದಿ ಹೇಳಿದವರೇ ಮುಂದೆ ಆ ಮನೆಯ ಬಾಯಿ, ಕುಡಿಕೆ ಅವರ ಕೈಗೆ ಹೋಗುತ್ತದೆ. ಹಾಗೆ ಈರಬಸಪ್ಪನ ಕುಡಿಕೆ ಅನಸೂಯಕ್ಕನ ಮನೆ ಸೇರಿತು. ಆಮೇಲೆ ಚರಂಡಿಯನ್ನು ಎಲ್ಲಿ ತೋಡಬೇಕೆಂಬ ಮಾತು ಬಂತು. ಅದು ಈಗ ಈರಬಸಪ್ಪನ ಹಿತ್ತಲಲ್ಲೇ ಹರಿಯುತ್ತಿದೆ. ಅವನ ಪರವಾಗಿ ಒಪ್ಪಿಗೆ ಕೊಟ್ಟವಳು ಅನಸೂಯಕ್ಕ, "ಪಾಪ, ಅವನು ಯಾವತ್ತೂ ಇಲ್ಲ ಅನ್ನೋನಲ್ಲ" ಎಂದು.

ನಮ್ಮ ಮನೆಗೆ ಆ ಗತಿ ಬರದಿದ್ದದ್ದು ಅವ್ವನಿಂದ. ಅವ್ವನ ಹೆಸರು ಬೋರಕ್ಕ. ಕಣ್ಣು ಮಂಜಾಗಿದ್ದರೂ ನಾಲಿಗೆ ಮಂಜಾಗಿರಲಿಲ್ಲ. ಗಿರಣಿಯ ಸದ್ದಿನಿಂದ ಕುಡಿಕೆಗಳು ಅದುರುತ್ತವೆ, ಗಿರಣಿಯನ್ನು ಊರಾಚೆ ಸಾಗಿಸಬೇಕು ಎಂಬ ಮಾತು ಓಣಿಯಲ್ಲಿ ವರ್ಷಕ್ಕೊಮ್ಮೆಯಾದರೂ ಏಳುತ್ತಿತ್ತು. ಅವ್ವ ಕುಡಿಕೆ ಎತ್ತಿಕೊಂಡು, "ಹಿಟ್ಟು ಬೇಕು ಸದ್ದು ಬ್ಯಾಡ ಅಂದ್ರೆ ರಾಗೀನ ಹಲ್ಲಾಗೆ ಬೀಸ್ಕಳ್ಳಿ" ಅನ್ನುತ್ತಿದ್ದಳು. ಅಲ್ಲಿಗೆ ಆ ವರ್ಷದ ಮಾತು ಮುಗಿಯುತ್ತಿತ್ತು. ಅವ್ವ ಇರುವಷ್ಟು ದಿನ ಗಿರಣಿಗೆ ಭಯವಿರಲಿಲ್ಲ. ಅವಳ ನಂತರ ಸುದ್ದಿ ನನ್ನ ಬಾಯಿಂದ ಬರದಿದ್ದರೆ ಕುಡಿಕೆ ಬೇರೆಯವರ ಪಾಲು, ಕುಡಿಕೆ ಹೋದರೆ ಗಿರಣಿಯೂ ಊರಾಚೆ. ಇದು ನನಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು.

ಈಗ ಹೆಣದ ಕಥೆಗೆ ಬರುತ್ತೇನೆ. ನಮ್ಮಲ್ಲಿ ಸತ್ತರು ಎಂಬ ಮಾತನ್ನು ಯಾರೂ ಆಡುವುದಿಲ್ಲ. ಸತ್ತವರ ಪೂರ್ತಿ ಹೆಸರನ್ನು, ಕಡೇಪಕ್ಷ ಅಪ್ಪನ ಹೆಸರಿನ ಸಮೇತ, ಕುಡಿಕೆಗೆ ಹೇಳಿ ಸುಮ್ಮನಾಗಬೇಕು, ಅಷ್ಟೇ ಸುದ್ದಿ. ಓಣಿಯ ಪ್ರತಿ ಮನೆಯೂ "ಕೇಳಿತು" ಅನ್ನಬೇಕು. ಎಲ್ಲ ಮನೆಯ ಕೇಳಿತು ಬರುವ ತನಕ ಹೆಣ ಎತ್ತುವಂತಿಲ್ಲ. ಆದ್ದರಿಂದ ಬದುಕಿರುವವರ ಪೂರ್ತಿ ಹೆಸರು ಹೇಳುವ ಸಂದರ್ಭ ಬಂದರೆ ಮೊದಲು "ಗಟ್ಟಿಯಾಗಿರುವ" ಎಂಬ ಮಾತು ಸೇರಿಸಿಯೇ ಹೇಳುತ್ತಾರೆ. ಗಟ್ಟಿಯಾಗಿರುವ ಇಂಥವರಿಗೆ ಕಾಗದ ಬಂದಿದೆ, ಗಟ್ಟಿಯಾಗಿರುವ ಇಂಥವರ ಕೋಳಿ ಕಾಣೆಯಾಗಿದೆ, ಹೀಗೆ.

ಆ ವಾರ ನರ್ಸಮ್ಮ ಕಣ್ಣಿನ ತಪಾಸಣೆಗೆ ಬರುವವಳಿದ್ದಳು. ಕಣ್ಣು ತೋರಿಸಬೇಕಾದವರ ಪೂರ್ತಿ ಹೆಸರನ್ನು ಮನೆಯವರು ಹೇಳಬೇಕೆಂದು ಮೇಷ್ಟ್ರು ಹರವಿಯಿಂದ ಸಾರಿದ್ದರು. ಅವ್ವನಿಗೆ ಆ ದಿನ ಗಂಟಲು ಕಟ್ಟಿತ್ತು. "ನೀನೇ ಹೇಳೇ, ಎಷ್ಟು ದಿನ ಅಂತ ನಾನೇ ಹೇಳ್ಲಿ" ಎಂದಳು. ಬೆಳಿಗ್ಗೆಯಿಂದ ಗಿರಣಿಯ ಸದ್ದಿನಲ್ಲಿ ಅವ್ವನ ಹೆಸರನ್ನು ಬಾಯಿಪಾಠ ಮಾಡಿದೆ. ತೊದಲಿನ ಸ್ವಭಾವವೇ ಹಾಗೆ, ಇವತ್ತು ಸಲೀಸಾಗಿ ಬರುವ ಅಕ್ಷರ ನಾಳೆ ಗೋಡೆಯಾಗಿ ನಿಲ್ಲುತ್ತದೆ. ಅವತ್ತು ಗ ಅಕ್ಷರ ಗೋಡೆಯಾಗಿತ್ತು. ಆದ್ದರಿಂದ ಗಟ್ಟಿಯಾಗಿರುವ ಎಂಬುದನ್ನು ಬಿಟ್ಟೆ. ನಮ್ಮ ಮನೆತನದ ಹೆಸರು ಗಾಣದ ಮನೆ, ಅದನ್ನೂ ಬಿಟ್ಟು, "ಓಬಯ್ಯನ ಮಗಳು ಬೋರಕ್ಕ" ಎಂದೆ. ಬೆಣ್ಣೆಯಷ್ಟು ನುಣ್ಣಗೆ ಬಂತು. ಹಿಗ್ಗಿಹೋದೆ. ಮುಂದೆ ಕಣ್ಣಿನ ತಪಾಸಣೆಗೆ ಬರುತ್ತಾಳೆ ಅನ್ನಬೇಕಿತ್ತು. ಕ ಎಂಬಲ್ಲಿ ಸಿಕ್ಕಿಕೊಂಡೆ. ಕುಡಿಕೆ ಮುಚ್ಚಿಕೊಂಡಿತು.

ಗೂಡಿನ ಮುಂದೆ ನಿಂತು ಕುಡಿಕೆಯನ್ನು ಕುಲುಕಿದೆ, ತಟ್ಟಿದೆ, ಬೆರಳು ತೂರಿಸಲು ನೋಡಿದೆ. ಅದರೊಳಗಿಂದ ಆಗಲೇ ಶುರುವಾಗಿತ್ತು. ಮೊದಲು ಅನಸೂಯಕ್ಕನ ಅಳುದನಿ, "ಕೇಳಿತು." ಆಮೇಲೆ ಮೇಷ್ಟ್ರ ಗಂಭೀರ ದನಿ, "ಕೇಳಿತು." ಒಂದೊಂದೇ ಮನೆ ಕೇಳಿತು, ಕೇಳಿತು ಎನ್ನುತ್ತಾ ಹೋಯಿತು. ಅವ್ವ ಜಗಲಿಯಿಂದ ಕೂಗಿದಳು. "ಏನೇ ಅದು? ಯಾರು ಹೋದ್ರೇ?"

"ನೀ... ನೀನೇ" ಎಂದೆ.

ಅವ್ವ ಅಂಬಲಿಯ ಬಟ್ಟಲನ್ನು ಕೆಳಗಿಡಲಿಲ್ಲ. ಓಣಿಯ ಜನ ಬಂದು ಎದುರು ನಿಂತಾಗಲೂ ಕುಡಿಯುತ್ತಲೇ ಇದ್ದಳು. ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದ ಒಬ್ಬಳು ಕಾಲು ಅಲ್ಲಾಡಿದ್ದನ್ನು ನೋಡಿ ಕಿರುಚಿಕೊಂಡಳು. ಮೇಷ್ಟ್ರು ಹೆಗಲ ಮೇಲಿನ ವಸ್ತ್ರವನ್ನು ಕೈಯಲ್ಲಿ ಹಿಡಿದು ನಿಂತೇಬಿಟ್ಟರು. "ಬೋರಕ್ಕ, ನೀನು..." ಎಂದವರಿಗೆ ಅವ್ವ, "ಇನ್ನೂ ಅಂಬಲಿ ಮುಗ್ದಿಲ್ಲ ಮೇಷ್ಟ್ರೇ, ತುಸು ತಡೀರಿ. ಹೂವು ಅಲ್ಲಿಡಿ, ದೇವ್ರಿಗೆ ಆಗ್ತವೆ" ಎಂದಳು. ನಾನು ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿ ಗಿರಣಿ ಚಾಲೂ ಮಾಡಿದೆ. ಬೀಸಲು ಏನೂ ಇರಲಿಲ್ಲ.

ಅವತ್ತೇ ಸಂಜೆ ಕಟ್ಟೆಯ ಮೇಲೆ ಮಾತುಕತೆ. ಯಾರೂ ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ಮೇಷ್ಟ್ರು, "ಪಾಲಮ್ಮ, ಇದರಲ್ಲಿ ನಿನ್ನ ತಪ್ಪು ಅಂತ ಹೇಳ್ತಿಲ್ಲ. ಆದ್ರೆ ನಾಲ್ಕು ಓಣಿಯ ಜನಕ್ಕೆ ಗಾಬರಿ ಆಯ್ತು. ನಾಳೆಯಿಂದ ಏನೇ ಹೇಳೋದಿದ್ರೂ ಅನಸೂಯಮ್ಮನ ಹತ್ರ ಹೇಳು, ಅವಳು ಕುಡಿಕೆಗೆ ಹೇಳ್ತಾಳೆ. ನಿನಗೂ ಹಗುರ, ನಮಗೂ ಹಗುರ" ಎಂದರು. ನಾನು ಇಲ್ಲ ಅನ್ನಲು ಬಾಯಿ ತೆರೆದೆ. ಇ ಎಂಬಲ್ಲಿರುವಾಗಲೇ ಅನಸೂಯಕ್ಕ, "ಇರ್ಲಿ ಬಿಡಿ ಅಂತಾಳೆ" ಎಂದು ನನ್ನ ಬೆನ್ನು ಸವರಿದಳು.

ಅನಸೂಯಕ್ಕನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವಳು ನನ್ನ ಮಾತನ್ನು ಮುಗಿಸುವುದು ಪ್ರೀತಿಯಿಂದಲೇ. ನಾನು ಉಪ್ಪು ಕೇಳಲು ಹೋದರೆ ಉ ಎನ್ನುವಷ್ಟರಲ್ಲಿ ಉದ್ದಿನಬೇಳೆ ತಂದು ಕೈಯಲ್ಲಿಡುತ್ತಾಳೆ. ನಾನು ಉದ್ದಿನಬೇಳೆ ತೆಗೆದುಕೊಂಡು ಬರುತ್ತೇನೆ. ವರ್ಷಗಟ್ಟಲೆ ಹಾಗೆ ಬಂದಿದ್ದೇನೆ. ಬೇಡವಾದದ್ದನ್ನೆಲ್ಲ ನಗುಮುಖದಿಂದ ಹೊತ್ತು ತರುವುದು ಎಂಥ ಸುಸ್ತು ಎಂಬುದು ಗಂಟಲು ಸರಿಯಿರುವವರಿಗೆ ತಿಳಿಯುವುದಿಲ್ಲ. ನನ್ನ ಗಿರಣಿಯ ಮುಂದೆ ಇದೇ ಜನ ರಾಗಿ ಬೀಸಿ ಮುಗಿಯುವ ತನಕ ಬಿಸಿಲಲ್ಲಿ ತುಟಿ ಪಿಟಕ್ಕೆನ್ನದೆ ಕಾಯುತ್ತಾರೆ. ಅದಕ್ಕಿಂತ ಎಷ್ಟೋ ಬೇಗ ಮುಗಿಯುವ ನನ್ನ ಒಂದು ಮಾತಿಗೆ ಮಾತ್ರ ಅವರ ಬಳಿ ಹೊತ್ತಿಲ್ಲ.

ಆ ಸಿಟ್ಟಿನಲ್ಲೇ ಕುಡಿಕೆ ಮಾಡುವ ಹೊನ್ನೂರಪ್ಪನ ಬಳಿ ಹೋದೆ. ಅವನು ತಿಗರಿಯ ಮುಂದೆ ಕೂತಿದ್ದ. ನಾನು ಹೇಳುವುದನ್ನೆಲ್ಲ ಕೇಳಿ, "ಇದ್ರಾಗೇನೈತೆ? ಕತ್ತು ತುಸು ಅಗಲ ಬಿಟ್ಟು, ಗಂಟ್ಲಾಗೆ ಒಂದು ಮಡಿಕೆ ಕೊಟ್ರೆ ಮುಚ್ಕಳಲ್ಲ. ನೀನು ಸಾಕು ಅನ್ನೋ ತನಕ ಬಾಯಿ ಬಿಟ್ಕಂಡೇ ಇರ್ತದೆ" ಎಂದ.

"ಮೊ... ಮೊದ್ಲೇ ಯಾಕೆ ಮಾ... ಮಾಡ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಅವನ ಮೇಲೂ ಕೆಂಡದಂಥ ಸಿಟ್ಟು ಬಂತು. ಅಂಗೈ ಅಗಲದ ಮಣ್ಣಿನ ಕೆಲಸ. ಅದಕ್ಕೆ ನಾನು ನನ್ನ ಅರ್ಧ ಆಯಸ್ಸು ಕಾದಿದ್ದೆ. ಆದರೂ ಅವನು ಮಾಡಿಕೊಟ್ಟ. ಮನೆಗೆ ತಂದು ಗೂಡಿನಲ್ಲಿಟ್ಟು ಅದರ ಬಾಯಿಗೆ ಬಾಯಿಟ್ಟೆ. "ನಾಳೆ ಗಿರಣಿ ಇಲ್ಲ, ಬೆಲ್ಟು ಹರಿದಿದೆ" ಎಂಬಷ್ಟೇ ಮಾತು. ಎಲ್ಲೆಲ್ಲಿ ಸಿಕ್ಕಿಕೊಂಡೆನೋ ಅಲ್ಲಲ್ಲಿ ಕುಡಿಕೆ ಕಾದಿತು. ಪೂರ್ತಿ ಮಾತು, ಅದರ ಎಲ್ಲ ತಡೆಗಳ ಸಮೇತ, ಓಣಿಗೆ ಕೇಳಿತು. ಒಳಗಿನಿಂದ ಅವ್ವ, "ನಿನ್ನ ದನಿ ನಮ್ಮಪ್ಪನ ದನಿ ಇದ್ದಂಗೈತೆ ಕಣೇ" ಎಂದಳು. ಅವಳು ಹಾಗೆ ಹೇಳಿದ್ದು ಅದೇ ಮೊದಲು. ನನ್ನ ದನಿಯನ್ನು ಅಷ್ಟು ಹೊತ್ತು ಒಟ್ಟಿಗೆ ಅವಳೂ ಕೇಳಿರಲಿಲ್ಲವೇನೋ.

ಮಾರನೆಯ ದಿನ ಮೇಷ್ಟ್ರು ಬಂದು ಜಗಲಿಯ ಮೇಲೆ ಕೂತರು. ನೀರು ಕುಡಿದರು. ಹೊಸ ಕುಡಿಕೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಚೆನ್ನಾಗಿ ಮಾಡಿದ್ದಾನೆ ಎಂದು ಹೊಗಳಿದರು. ಆಮೇಲೆ, "ಬಳೆಗಾರರ ಓಣಿಯವರು ಮಾತು ಕಳಿಸಿದ್ದಾರೆ. ಒಂದೇ ಉಸಿರು ಅಂತ ಎಲ್ಲ ಓಣಿಗಳೂ ಸೇರಿ ಒಪ್ಪಿರೋದು. ನಮ್ಮ ಕಡೆಯಿಂದ ಉದ್ದುದ್ದ ಮಾತು ಬಂದ್ರೆ ಅವರ ಹರವಿ ತುಂಬಿಹೋಗ್ತದಂತೆ. ನಮ್ಮ ಕಡೆ ಬಟ್ಟೆ ಕಟ್ತೀವಿ ಅಂತಾರೆ. ಒಬ್ಬರಿಗೋಸ್ಕರ ಇಡೀ ಓಣಿ ಕಡಿದುಕೊಳ್ಳೋಕಾಗ್ತದಾ ಪಾಲಮ್ಮ? ನೀನೇ ಹೇಳು" ಎಂದರು. ನೀನೇ ಹೇಳು ಎಂದವರು ನಾನು ಹೇಳುವ ತನಕ ಕೂರಲಿಲ್ಲ. "ಎಲ್ಲರನ್ನೂ ಕೇಳೋಣ, ನಮ್ಮದು ಸಾಹುಕಾರನ ಹಂಡೆ ಅಲ್ಲವಲ್ಲ" ಎನ್ನುತ್ತಾ ಎದ್ದರು.

ಕೇಳಿದ್ದು ಹೇಗೆ ಗೊತ್ತೇ? ಕುಡಿಕೆಯ ಮೂಲಕ. ಒಂದೇ ಉಸಿರಿನ ಕಟ್ಟಳೆ ಇರಬೇಕೋ ಬೇಡವೋ ಎಂಬುದನ್ನು ಎಲ್ಲರೂ ಒಂದೊಂದೇ ಉಸಿರಿನಲ್ಲಿ ಹೇಳಬೇಕು. ಹೊಸ ಕುಡಿಕೆಯ ವಿಷಯ ಇತ್ಯರ್ಥವಾಗುವ ತನಕ ಅದನ್ನು ಬಳಸುವಂತಿಲ್ಲ. ಇದರಲ್ಲಿ ಎಡವಟ್ಟು ಏನಿದೆ ಎಂದು ಆ ಓಣಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಈರಬಸಪ್ಪನ ಮಾತನ್ನು ಅನಸೂಯಕ್ಕ ಹೇಳಿದಳು. ನನ್ನ ಮಾತನ್ನೂ ಅವಳೇ ಹೇಳಿದಳು. "ಪಾಲಮ್ಮಗೆ ಯಾರಿಗೂ ತೊಂದ್ರೆ ಕೊಡೋ ಮನಸಿಲ್ಲವಂತೆ, ಹಳೇದೇ ಇರ್ಲಿ ಅಂತಾಳೆ." ನಾನು ನಮ್ಮ ಮನೆಯ ಗೂಡಿನ ಮುಂದೆ ನಿಂತು ನನ್ನ ಅಭಿಪ್ರಾಯವನ್ನು ಕಿವಿಯಾರೆ ಕೇಳಿದೆ. ಅವ್ವನ ಸರದಿ ಬಂದಾಗ ಅವಳು ಮೇಷ್ಟ್ರನ್ನೂ ಅನಸೂಯಕ್ಕನನ್ನೂ ಬಳೆಗಾರರ ಓಣಿಯನ್ನೂ ಅವರ ಪೂರ್ವಿಕರನ್ನೂ ಒಂದೇ ಉಸಿರಿಗೆ ಬಯ್ದಳು. ಆದರೆ ಅದು ಒಂದೇ ಮನೆಯ ಮಾತಾಯಿತು. ಹೊಸ ಕುಡಿಕೆಯನ್ನು ಗೂಡಿನಿಂದ ತೆಗೆದು ಅಟ್ಟದ ಮೇಲಿಟ್ಟೆ.

ಆ ರಾತ್ರಿ ಉಣ್ಣುವಾಗ ಅವ್ವ ತುತ್ತು ನಿಲ್ಲಿಸಿ ಕೇಳಿದಳು. "ನಾನು ಹೋದಾಗ ಯಾರು ಹೇಳ್ತಾರೆ?"

ನಾನು ಅವಳ ತಟ್ಟೆಗೆ ಸಾರು ಬಡಿಸಿದೆ.

"ಆ ಮೇಷ್ಟ್ರು ಸುಳ್ಳು ಗಂಭೀರ ಮಾಡ್ಕಂಡು ನನ್ನ ಹೆಸ್ರು ಹೇಳೋದು ಬ್ಯಾಡ. ಅನಸೂಯಿ ಅಳ್ತಾ ಹೇಳೋದೂ ಬ್ಯಾಡ. ನಿನ್ನ ಬಾಯಾಗೆ ಬರಬೇಕು. ನಿಧಾನವಾದ್ರೆ ಆಗ್ಲಿ, ನನಗೇನು ಅವಸರ? ಹೋಗೋಳು ಹೋಗಿರ್ತೀನಿ." ಅವ್ವ ನೀರು ಕುಡಿದು ಮತ್ತೆ ಹೇಳಿದಳು. "ಹಂಡೆ ಬರೋಕಿಂತ ಮುಂಚೆ ನಮ್ಮಜ್ಜಿ ಸತ್ತಾಗ ನಮ್ಮಪ್ಪ ಕಂಬಳಿ ಹೊದ್ಕಂಡು ಮನೆಮನೆ ಬಾಗ್ಲಿಗೆ ಹೋಗಿ ಹೇಳಿ ಬಂದಿದ್ದ. ಜನ ಬಾಗ್ಲಾಗೆ ನಿಂತು ಕೇಳ್ತಿದ್ರು. ಆಗ ಯಾರಿಗೂ ಇಷ್ಟು ಅವಸರ ಇರ್ಲಿಲ್ಲ ಕಣೇ." ಅಷ್ಟು ಹೇಳಿ ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ಮುಗಿಸಿದಳು.

ಅವ್ವ ಹೋದದ್ದು ಹುಣಸೆಹಣ್ಣು ಬಡಿಯುವ ಕಾಲದಲ್ಲಿ, ಬೆಳಗಿನ ಹೊತ್ತು. ಗಿರಣಿಯ ಕಲ್ಲು ಸವೆದಿತ್ತು, ನಾನು ಅದನ್ನು ಕುಟ್ಟಿ ಒರಟು ಮಾಡುತ್ತಿದ್ದೆ. ಕೂಗಿದರೆ ಓಗೊಡಲಿಲ್ಲ. ಹೋಗಿ ನೋಡಿದೆ. ಅವಳ ಪಕ್ಕದಲ್ಲಿ ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಅಳು ಬಂತು, ಚೆನ್ನಾಗಿಯೇ ಅತ್ತೆ. ಅಳುವಾಗ ನನಗೆ ಯಾವ ತಡೆಯೂ ಇರುವುದಿಲ್ಲ. ಅನಸೂಯಕ್ಕ ಗೋಡೆಯ ಆ ಕಡೆಯಿಂದ ಕೇಳಿಸಿಕೊಂಡು ಬಂದಳು, ಬಾಯಿಗೆ ಸೆರಗು ಹಿಡಿದು ಮೇಷ್ಟ್ರನ್ನು ಕರೆಯಲು ಓಡಿದಳು. ಸ್ವಲ್ಪ ಹೊತ್ತಿಗೆ ಅವಳ ಹಿಂದೆ ಮೇಷ್ಟ್ರು ಬಂದರು. ಅವ್ವನ ಕಾಲು ಮುಟ್ಟಿ ನಮಸ್ಕರಿಸಿದರು, ಈ ಸಲ ಕಾಲು ಅಲ್ಲಾಡಲಿಲ್ಲ. ಆಮೇಲೆ ಅವರು ನೇರವಾಗಿ ಹೊಸ್ತಿಲ ಕಡೆ ಹೋಗಿ ಗೂಡಿನೊಳಕ್ಕೆ ಕೈ ಹಾಕಿ ನಮ್ಮ ಮನೆಯ ಕುಡಿಕೆಯನ್ನು ಎತ್ತಿಕೊಂಡರು.

"ನೀನು ಸುಮ್ನೆ ಕೂತಿರು ತಾಯಿ. ಈ ಹೊತ್ತಲ್ಲಿ ನಿನಗೆ ತೊಂದ್ರೆ ಬೇಡ. ನಾನು ಹೇಳ್ತೀನಿ."

ನಾನು ಎದ್ದು ಹೋಗಿ ಕುಡಿಕೆಯ ಬಾಯಿಗೆ ಅಂಗೈ ಮುಚ್ಚಿದೆ. ಮೇಷ್ಟ್ರು ನನ್ನ ಮುಖ ನೋಡಿದರು. ಇಲ್ಲ ಎಂಬ ಮಾತು ಆ ದಿನವೂ ಇ ಎಂಬಲ್ಲೇ ನಿಂತಿತು. ಅನಸೂಯಕ್ಕ ಬಾಯಿ ತೆರೆದಳು. ನಾನು ಇನ್ನೊಂದು ಕೈಯೆತ್ತಿ ಅವಳ ಕಡೆ ತೋರಿಸಿದೆ. ಗಿರಣಿಯ ಸದ್ದಿನಲ್ಲಿ ಜನರನ್ನು ಸಾಲಿನಲ್ಲಿ ನಿಲ್ಲಿಸಲು ನಾನು ತೋರಿಸುವ ಕೈ ಅದು, ಓಣಿಗೆಲ್ಲ ಗೊತ್ತು. ಅನಸೂಯಕ್ಕ ತೆರೆದ ಬಾಯಿ ಮುಚ್ಚಿದಳು. "ಇ... ಇಲ್ಲ. ನಾನು ಹೇ... ಹೇಳ್ತೀನಿ" ಎಂದೆ.

"ಹೇಗೆ ಹೇಳ್ತೀಯಾ? ಕುಡಿಕೆ ಮುಚ್ಕೊಂಡ್ರೆ ಸಾಯಂಕಾಲ ಆಗ್ತದೆ, ಹೆಣ ಅಲ್ಲೀವರೆಗೆ..."

ಅವರ ಕೈಯಿಂದ ಕುಡಿಕೆಯನ್ನು ಬಿಡಿಸಿಕೊಂಡು ಅವ್ವನ ತಲೆಯ ಹತ್ತಿರ ಇಟ್ಟೆ. ಅವ್ವನ ಕಂಬಳಿಯನ್ನು ಹೊದ್ದುಕೊಂಡೆ. ಹೊಸ್ತಿಲು ದಾಟಿ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತೆ. ಅದು ಅನಸೂಯಕ್ಕನ ಬಾಗಿಲು. ಅವಳು ನನ್ನ ಹಿಂದೆಯೇ ಓಡಿಬಂದು ತನ್ನ ಹೊಸ್ತಿಲ ಮೇಲೆ ನಿಂತಳು.

"ಗಾ... ಗಾಣದ ಮನೆ..." ಎಂದು ಶುರುಮಾಡಿದೆ.

"ಗೊತ್ತು ಕಣೇ, ಗಾಣದ ಮನೆ ಓಬಯ್ಯನ ಮಗಳು ಬೋರಕ್ಕ. ಕೇಳಿತು ಕಣೇ, ಕೇಳಿತು. ಯಾಕೆ ಇಷ್ಟು ಕಷ್ಟ ಪಡ್ತೀಯಾ?"

"ಕ... ಕಷ್ಟ ನಂದಲ್ಲ, ನಿಂದು" ಎಂದೆ. ಮತ್ತೆ ಗಾಣದ ಮನೆಯಿಂದ ಶುರುಮಾಡಿದೆ. ಅವಳು ಇನ್ನೊಮ್ಮೆ ಬಾಯಿ ಹಾಕಿದಳು, ನಾನು ಇನ್ನೊಮ್ಮೆ ಮೊದಲಿನಿಂದ. ಅವಳಿಗೆ ಅಳು ಬಂತು. ಅಳುತ್ತಾ ಸುಮ್ಮನಾದಳು. ಬೋ ಎಂಬಲ್ಲಿ ನಾನು ತುಂಬ ಹೊತ್ತು ನಿಂತೆ. ಬೆಣ್ಣೆಯಂತೆ ಬಂದಿದ್ದ ಅದೇ ಹೆಸರು ಆ ದಿನ ಕಲ್ಲಾಗಿ ಕೂತಿತ್ತು. ಬಂದಾಗ ಪೂರ್ತಿ ಬಂತು. ಅನಸೂಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು "ಕೇಳಿತು" ಅಂದಳು. ನಾನು ಮುಂದಿನ ಮನೆಗೆ ನಡೆದೆ.

ಹೀಗೆ ಓಣಿಯ ಒಂದೊಂದು ಬಾಗಿಲು. ಕೆಲವರು ನೆಲ ನೋಡುತ್ತಾ ಕೇಳಿದರು. ಕೆಲವರ ತುಟಿ ನನ್ನ ಮಾತಿಗಿಂತ ಮುಂದೆ ಓಡುತ್ತಿತ್ತು. ತುಟಿ ಅಲ್ಲಾಡಿದಲ್ಲೆಲ್ಲ ನಿಲ್ಲಿಸಿ ಮೊದಲಿನಿಂದ ಹೇಳಿದೆ. ಒಲೆಯ ಮೇಲೆ ಹಾಲಿಟ್ಟು ಬಂದವಳೊಬ್ಬಳು ಒಳಗೆ ನೋಡಿದಳು, ಹಾಲು ಉಕ್ಕುವ ವಾಸನೆ ನನಗೂ ಬಂತು. ಉಕ್ಕಲಿ ಎಂದುಕೊಂಡು ಹೇಳಿ ಮುಗಿಸಿದೆ. ಸುದ್ದಿ ಎಲ್ಲರಿಗೂ ಗೊತ್ತೇ ಇತ್ತು, ಅದರಲ್ಲಿ ಗುಟ್ಟೇನಿಲ್ಲ. ಆದರೆ ಕೇಳಿತು ಅನ್ನಬೇಕಾದರೆ ಕೇಳಲೇಬೇಕು. ಅದು ನಾನು ಮಾಡಿದ ಕಟ್ಟಳೆಯಲ್ಲ, ಅವರದ್ದೇ. ಕುಡಿಕೆಯಲ್ಲೇ ಹೇಳಬೇಕು ಎಂದು ಅದರಲ್ಲಿ ಎಲ್ಲೂ ಇಲ್ಲ. ಹೊತ್ತೇರಿತು. ಹೆಗಲು ಕೊಡಲು ಬಂದವರು ನಮ್ಮ ಅಂಗಳದ ನೆರಳಿನಲ್ಲಿ ಕಾದು ಕೂತರು.

ಈರಬಸಪ್ಪನ ಗುಡಿಸಲ ಮುಂದೆ ಚರಂಡಿ ದಾಟಿ ಹೋಗಬೇಕಾಯಿತು. ಅವನು ಗೋಡೆ ಹಿಡಿದುಕೊಂಡು ಎದ್ದು ಬಂದು ಬಾಗಿಲಲ್ಲಿ ನಿಂತ. ಅವನ ಮನೆಯ "ಕೇಳಿತು" ಎಂಬುದನ್ನು ಅನಸೂಯಕ್ಕ ತನ್ನದರ ಜೊತೆಗೇ ಹೇಳಿ ಮುಗಿಸುವುದು ರೂಢಿ. ಆ ಬಾಗಿಲಿಗೆ ಬಂದು ಸುದ್ದಿ ಹೇಳಿದವರು ಅವನ ಹೆಂಡತಿ ಹೋದ ಮೇಲೆ ಯಾರೂ ಇಲ್ಲ. ನಾನು ಹೇಳಿದೆ. ಅವನು ಕಣ್ಣು ತೆಗೆಯದೆ ಕೇಳಿದ, ತುಟಿ ಅಲ್ಲಾಡಿಸಲಿಲ್ಲ. ಮುಗಿದ ಮೇಲೆ ಅವನಿಗೆ ಕೆಮ್ಮು ಬಂತು, ಎದೆ ಸೀಟಿ ಹೊಡೆಯಿತು, ಉಸಿರು ಸಿಗದೆ ಬಾಗಿದ. ಈಗ ನಾನು ನಿಂತು ಕಾದೆ. "ಕೇ..." ಎಂದು ಸುಧಾರಿಸಿಕೊಂಡು, ಮತ್ತೆ ಉಸಿರೆಳೆದು "...ಳಿತವ್ವಾ" ಎಂದ. ನಮ್ಮಿಬ್ಬರಿಗೂ ಅವಸರವಿರಲಿಲ್ಲ. ಅವನು ಕೋಲು ಹುಡುಕಿ ತೆಗೆದುಕೊಂಡು ನನ್ನ ಹಿಂದೆ ಬಂದ.

ಕೊನೆಯ ಬಾಗಿಲು ಮೇಷ್ಟ್ರದ್ದು. ಎಲ್ಲ ಮನೆಯ ಕೇಳಿತು ಬಂದ ಮೇಲೆ, ಇನ್ನು ಆ ಮನೆಯ ಬಾಯಿ ಯಾರೆಂದು ಹರವಿ ನೋಡಿಕೊಳ್ಳುವವರೇ ಸಾರಬೇಕು. ಅಷ್ಟು ಹೊತ್ತಿಗೆ ಓಣಿಯ ಅರ್ಧ ಜನ ನನ್ನ ಹಿಂದೆ ಇದ್ದರು. ಮೇಷ್ಟ್ರು ಶಲ್ಯ ಸರಿಪಡಿಸಿಕೊಂಡು ಹೊಸ್ತಿಲ ಮೇಲೆ ನಿಂತಿದ್ದರು. ನಾನು ಗಾಣದ ಮನೆ ಎಂದೆ, ಓಬಯ್ಯನ ಮಗಳು ಎಂದೆ. ಬೋ ಎಂಬಲ್ಲಿ ನಿಂತೆ. ಮೇಷ್ಟ್ರು ಪಾಠ ಹೇಳಿಕೊಡುವವರಂತೆ ಮೆಲ್ಲಗೆ, "ಬೋರಕ್ಕ" ಎಂದರು.

ಮೊದಲಿನಿಂದ ಶುರುಮಾಡಿದೆ. ಈ ಸಲ ಅವರು ಮಾತಾಡಲಿಲ್ಲ, ತಲೆಯಾಡಿಸಿದರು, ಹೂಂ ಹೂಂ ಮುಂದೆ ಎಂಬ ಹಾಗೆ. ನಿಲ್ಲಿಸಿದೆ. ಅವರ ತಲೆ ನಿಲ್ಲುವ ತನಕ ಸುಮ್ಮನೆ ಅವರನ್ನೇ ನೋಡಿದೆ. ಬಿಸಿಲು ಅವರ ಮುಖದ ಮೇಲೇ ಬೀಳುತ್ತಿತ್ತು. ಹಿಂದಿನಿಂದ ಯಾರೋ "ಮೇಷ್ಟ್ರೇ, ಸುಮ್ನೆ ನಿಂತ್ಕಳ್ರಿ" ಎಂದರು. ದನಿ ಅನಸೂಯಕ್ಕನದು.

ಮೂರನೆಯ ಸಲ ಮೇಷ್ಟ್ರು ಸುಮ್ಮನೆ ನಿಂತರು. ಬೋ ಬಹಳ ಹೊತ್ತು ಬರಲಿಲ್ಲ. ನನಗೆ ಅವ್ವನ ಅಂಬಲಿಯ ಬಟ್ಟಲು ನೆನಪಾಯಿತು, ತುಸು ತಡೀರಿ ಎಂದದ್ದು ನೆನಪಾಯಿತು. ಆಮೇಲೆ ನನ್ನ ಬಾಯಿಂದ ನನ್ನ ಅವ್ವನ ಹೆಸರು ಪೂರ್ತಿ ಬಂತು.

"ಕೇಳಿತು" ಎಂದರು ಮೇಷ್ಟ್ರು. ತುಸು ತಡೆದು, ಶಲ್ಯದ ಅಂಚು ಹಿಡಿದುಕೊಂಡು, ತಮಗಷ್ಟೇ ಹೇಳಿಕೊಳ್ಳುವಂತೆ, "ಇನ್ನು ಗಾಣದ ಮನೆಯ ಬಾಯಿ ಪಾಲಮ್ಮ" ಎಂದರು.

"ನ... ನನಗೆ..." ಎಂದೆ. ಅವರು ಕಾದರು. ಇಡೀ ಓಣಿ ಕಾದಿತು. "ನನಗೆ ಕೇ... ಕೇಳಿಸ್ಲಿಲ್ಲ" ಎಂದೆ.

ಕೊಟ್ರಪ್ಪ ಮೇಷ್ಟ್ರು ಜೀವಮಾನದಲ್ಲಿ ಯಾವ ಮಾತನ್ನೂ ಎರಡು ಸಲ ಹೇಳಿದವರಲ್ಲ. ಅವತ್ತು ಹೇಳಿದರು.